ಹಳತನ್ನು ಅರಸಿದ ಜಹಗೀರುದಾರ

ಹಂಪಸಾಗರದ ಕಡೆಯ ಹಳ್ಳಿಗಳಲ್ಲಿ, ನಾಡಿನ ಉಳಿದೆಡೆಗಳಲ್ಲಿರುವಂತೆಯೇ, ಹಳೆಯ ವಸ್ತುವಿಗೆ ಎರಡು ಬೆಲೆಗಳುಂಟು. ಮನೆಯವರು ಕಟ್ಟುವ ಬೆಲೆ ಒಂದು. ಅರಸಿ ಬಂದವನು ಕಟ್ಟುವ ಬೆಲೆ ಇನ್ನೊಂದು. ಅಜ್ಜಿಯ ಕಾಲದಿಂದ ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿದ್ದ ಕಂಚಿನ ತಂಬಿಗೆ ಸಂತೆಯ ದಿನ ತೂಕದ ಲೆಕ್ಕಕ್ಕೆ ಹೋಗುತ್ತದೆ, ಇಲ್ಲವೆ ಹೊಸ ಉಕ್ಕಿನ ಪಾತ್ರೆಯೊಂದಕ್ಕೆ ಬದಲಾಗುತ್ತದೆ. ಅದೇ ತಂಬಿಗೆ ಪಟ್ಟಣದ ಅಂಗಡಿಯಲ್ಲಿ ಗಾಜಿನ ಹಿಂದೆ ಕುಳಿತಿತೆಂದರೆ ಅದರ ಬೆಲೆ ಹತ್ತು ಮಡಿಯಾಗುತ್ತದೆ. ಈ ಎರಡು ಬೆಲೆಗಳ ನಡುವಣ ಅಂತರವೇ ಒಂದು ಹವ್ಯಾಸದ ತವರು. ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ ಬೆಳಕು ಹರಿಯುವ ಮುನ್ನವೇ ಹಳೆಯ ಸಾಮಾನುಗಳ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಕೆದಕುವವರೂ, ಪಶ್ಚಿಮ ದೇಶಗಳಲ್ಲಿ ಮನೆ ಬದಲಿಸುವವರು ಅಂಗಳದಲ್ಲಿ ಹರಡಿದ ಸಾಮಾನುಗಳ ನಡುವೆ ವಾರವಾರವೂ ಅಲೆಯುವವರೂ ಇದೇ ಕುಲದವರು. ಅಗ್ಗಕ್ಕೆ ಸಿಕ್ಕಿದ್ದನ್ನು ಹೆಚ್ಚಿಗೆ ಮಾರುವ ಲಾಭಕ್ಕಿಂತಲೂ, ಎಲ್ಲರೂ ದಾಟಿ ಹೋದುದನ್ನು ತಾನೊಬ್ಬನು ಗುರುತಿಸಿದೆನೆಂಬ ಹೆಮ್ಮೆಯೇ ಇವರನ್ನು ಎಳೆಯುವ ಬಲವಾದ ಹಗ್ಗ.

ಈ ಹವ್ಯಾಸವನ್ನು ತನ್ನ ಬದುಕಿನ ಒಂದೇ ಉದ್ಯೋಗವನ್ನಾಗಿ ಮಾಡಿಕೊಂಡ ಮಹನೀಯನೊಬ್ಬನು ನಮಗೆ ದೂರದವನೇನೂ ಅಲ್ಲ. ಹಂಪಸಾಗರ ತುಂಗಭದ್ರೆಯ ಬಲದಂಡೆಯ ಸೀಮೆ. ೧೮೦೦ರಲ್ಲಿ ನಿಜಾಮನು ಬಳ್ಳಾರಿ ಮೊದಲಾದ ದತ್ತಮಂಡಲಗಳನ್ನು ಇಂಗ್ಲಿಷರಿಗೆ ಒಪ್ಪಿಸಿದಂದಿನಿಂದ ಹೊಳೆಯ ಈಚೆ ದಡ ಮದರಾಸು ಸರಕಾರದ್ದಾಯಿತು. ಆಚೆ ದಡ ಹೈದರಾಬಾದಿನದಾಗಿಯೇ ಉಳಿಯಿತು. ಆಚೆಯ ಕೊಪ್ಪಳ ಸೀಮೆಯು ಸಾಲಾರ್ ಜಂಗ್ ಮನೆತನದ ಜಹಗೀರು. ಆ ಮನೆತನದ ಕೊನೆಯ ಒಡೆಯರಾದ ಮೂರನೆಯ ಸಾಲಾರ್ ಜಂಗ್, ಅಂದರೆ ನವಾಬ್ ಮೀರ್ ಯೂಸುಫ್ ಅಲಿ ಖಾನರು, ಲೋಕದ ಹಳೆಯ ವಸ್ತುಗಳನ್ನೆಲ್ಲ ತಮ್ಮ ಮನೆಗೆ ತಂದು ತುಂಬಿದವರೆಂದು ಹೆಸರಾಗಿದ್ದಾರೆ. ಹೈದರಾಬಾದಿಗೆ ಹೋದವರು ಅವರ ವಸ್ತುಸಂಗ್ರಹಾಲಯವನ್ನು ನೋಡದೆ ಬರುವುದು ಅಪರೂಪ. ಆದರೆ ಆ ಸಂಗ್ರಹಕ್ಕೆ ಹರಿದು ಹೋದ ಹಣದಲ್ಲಿ ಕೊಪ್ಪಳದ ಎರೆಭೂಮಿಯ ಜೋಳದ ಪಾಲೂ ಇದ್ದಿತೆಂಬುದನ್ನು ನೆನೆಯುವವರು ಕಡಮೆ.

ಮನೆತನದ ಕೀರ್ತಿಗೆ ಅಡಿಗಲ್ಲು ಹಾಕಿದವರು ಇವರ ಅಜ್ಜಂದಿರಾದ ಮೀರ್ ತುರಾಬ್ ಅಲಿ ಖಾನರು. ೧೮೫೩ರಿಂದ ೧೮೮೩ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತು ವರ್ಷಗಳ ಕಾಲ, ಅವರು ಹೈದರಾಬಾದಿನ ದಿವಾನರಾಗಿದ್ದರು. ಮುಂಡರಗಿಯ ಭೀಮರಾಯರು ೧೮೫೮ರಲ್ಲಿ ಕೊಪ್ಪಳದ ಕೋಟೆಯನ್ನು ಹಿಡಿದು ಅಲ್ಲಿಯೇ ಹೋರಾಡಿ ಮಡಿದುದು ಈ ದಿವಾನರ ಕಾಲದಲ್ಲಿಯೇ. ೧೮೭೬ರಲ್ಲಿ ಅವರು ಯೂರೋಪಿನ ಪ್ರವಾಸ ಕೈಕೊಂಡಾಗ ರೋಮ್ ನಗರದಲ್ಲಿ ಬೆಂಜೋನಿ ಎಂಬ ಶಿಲ್ಪಿಯ ಕೈಕೆಲಸವಾದ ಅಮೃತಶಿಲೆಯ ಮೂರ್ತಿಯೊಂದನ್ನು ಕೊಂಡು ತಂದರು. ಮುಸುಕು ಹೊದ್ದ ರೆಬೆಕಾ ಎಂಬ ಹೆಣ್ಣಿನ ಮೂರ್ತಿಯದು. ಕಲ್ಲಿನಲ್ಲಿಯೇ ತೆಳುವಾದ ಬಟ್ಟೆಯನ್ನು ಕಂಡರಿಸಿ, ಅದರ ಹಿಂದಣ ಮುಖವನ್ನೂ ಕಾಣಿಸಿದ ಆ ಚಾತುರ್ಯ ನೋಡುವವರನ್ನು ಇಂದಿಗೂ ಬೆರಗುಗೊಳಿಸುತ್ತದೆ. ಅದೇ ವರ್ಷ ಮುಂಗಾರು ಕೈಕೊಟ್ಟಿತು. ಹೊಳೆಯ ಎರಡು ದಡಗಳಲ್ಲಿಯೂ ಧಾತು ಈಶ್ವರ ಸಂವತ್ಸರಗಳ ಭೀಕರ ಕ್ಷಾಮ ಕಾಲಿಟ್ಟಿತು. ಬರಕ್ಕೂ ಮೂರ್ತಿಗೂ ಕಾರ್ಯಕಾರಣ ಸಂಬಂಧವಿಲ್ಲ. ಆದರೂ ಆ ಎರಡು ಸಂಗತಿಗಳು ಒಂದೇ ವರ್ಷದ ಲೆಕ್ಕದಲ್ಲಿ ಪಕ್ಕಪಕ್ಕದಲ್ಲಿ ನಿಂತಿವೆಯೆಂಬುದನ್ನು ಈ ಸೀಮೆಯವರು ಮರೆಯಲಾರರು.

ಯೂಸುಫ್ ಅಲಿ ಖಾನರು ಪುಣೆಯಲ್ಲಿ ೧೮೮೯ರ ಜೂನ್ ೧೩ರಂದು ಜನಿಸಿದರು. ತಂದೆ ಮೀರ್ ಲಾಯಕ್ ಅಲಿ ಖಾನರೂ ದಿವಾನಗಿರಿ ಮಾಡಿ ಬಿಟ್ಟವರು. ಮಗು ಹುಟ್ಟಿ ಒಂದು ತಿಂಗಳು ತುಂಬುವ ಮೊದಲೇ ಅವರು ಕಣ್ಣು ಮುಚ್ಚಿದರು. ತೊಟ್ಟಿಲಿನ ಕೂಸು ದೊಡ್ಡ ಜಹಗೀರಿಗೆ ಒಡೆಯನಾಯಿತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾವಲಿನಲ್ಲಿ ಆಸ್ತಿಯೂ ಬಾಲಕನೂ ಬೆಳೆದರು. ಓದು ಮುಗಿದ ಮೇಲೆ ೧೯೧೨ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಮಹಾರಾಜ ಕಿಷನ್ ಪ್ರಸಾದರ ಸ್ಥಾನದಲ್ಲಿ ಇವರನ್ನು ದಿವಾನರನ್ನಾಗಿ ನೇಮಿಸಿದರು. ಆಗ ಇವರ ವಯಸ್ಸು ಇಪ್ಪತ್ತಮೂರು. ಅಜ್ಜನು ಮೂವತ್ತು ವರ್ಷ ಹೊತ್ತ ಹೊರೆಯನ್ನು ಮೊಮ್ಮಗನು ಮೂರು ವರ್ಷವೂ ಹೊರಲಿಲ್ಲ. ೧೯೧೪ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟು ಅವರು ತಮ್ಮ ಮನೆಗೆ ಹಿಂದಿರುಗಿದರು. ಮುಂದಿನ ಮೂವತ್ತೈದು ವರ್ಷಗಳ ಬದುಕು ಆ ಮನೆಯ ಬಾಗಿಲಿನಿಂದ ಒಳಗೆ ಬಂದ ವಸ್ತುಗಳ ಕತೆ.

ಆ ಮನೆಯ ಹೆಸರು ದಿವಾನ್ ದೇವಡಿ. ಹೈದರಾಬಾದಿನ ಹಳೆಯ ಪೇಟೆಯಲ್ಲಿದ್ದ ಆ ವಿಶಾಲ ಸೌಧದ ಬಾಗಿಲನ್ನು ಹಳೆಯ ಸಾಮಾನು ಹೊತ್ತ ವ್ಯಾಪಾರಿಗಳು ತಪ್ಪದೆ ತಟ್ಟುತ್ತಿದ್ದರು. ಇಲ್ಲಿ ಹವ್ಯಾಸದ ಎರಡು ಮುಖಗಳು ಒಂದಕ್ಕೊಂದು ಎದುರಾಗುತ್ತಿದ್ದವು. ಗುಜರಿಯನ್ನು ಕೆದಕಿ, ಇಳಿಗಾಲಕ್ಕೆ ಬಂದ ಮನೆತನಗಳ ಅಟ್ಟಗಳನ್ನು ಶೋಧಿಸಿ, ಅಗ್ಗಕ್ಕೆ ಕೊಂಡು ತರುವವನು ಒಬ್ಬ. ತಂದುದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಹೆಚ್ಚಿನ ಬೆಲೆಯನ್ನು ಕೊಟ್ಟು ಇಟ್ಟುಕೊಳ್ಳುವವನು ಇನ್ನೊಬ್ಬ. ಮೊದಲನೆಯವನಿಗೆ ವಸ್ತುವು ಮರುಮಾರಾಟದ ಸರಕು; ಎರಡನೆಯವನಿಗೆ ಅದು ಪಯಣ ಮುಗಿಸಿ ಬಂದ ಅತಿಥಿ. ನವಾಬರು ಕೊಂಡುದನ್ನು ಮಾರಿ ಲಾಭ ಪಡೆಯಬೇಕೆಂದು ಹೊರಟವರಲ್ಲ. ವಿದೇಶಗಳಲ್ಲಿಯೂ ಅವರ ಪರವಾಗಿ ಹುಡುಕುವ ಮಧ್ಯಸ್ಥರಿದ್ದರು. ತಾವೂ ಯೂರೋಪ್ ಮತ್ತು ಮಧ್ಯಪ್ರಾಚ್ಯಗಳನ್ನು ಸುತ್ತಿ ಬಂದರು. ಮೊದಲನೆಯ ಮಹಾಯುದ್ಧದ ತರುವಾಯ ಯೂರೋಪಿನಲ್ಲಿ ಸಿಂಹಾಸನಗಳು ಉರುಳಿದವು. ಸಿರಿವಂತರ ಮನೆಗಳು ಸಾಮಾನು ಸಹಿತ ಹರಾಜಿಗೆ ಬಂದವು. ಒಂದು ಕುಲದ ಇಳಿತವು ಇನ್ನೊಂದು ಕುಲದ ಸಂಗ್ರಹವಾಗುವುದು ಈ ವ್ಯಾಪಾರದ ಹಳೆಯ ನಿಯಮ.

ಹೀಗೆ ಬಂದು ಸೇರಿದುದೆಲ್ಲ ಒಂದೇ ಬಗೆಯದಲ್ಲ. ಸುಲ್ತಾನ್ ಇಲ್ತಮಿಷನ ಹೆಸರನ್ನು ಹೊತ್ತ ಹಸಿರುಕಲ್ಲಿನ ಪುಸ್ತಕಪೀಠವುಂಟು; ಜಹಾಂಗೀರ ನೂರ್ ಜಹಾನರವೆಂದು ಹೆಸರಾದ ರತ್ನಖಚಿತ ಚಾಕುಗಳುಂಟು; ಫ್ರಾನ್ಸಿನ ದೊರೆ ಟಿಪ್ಪು ಸುಲ್ತಾನನಿಗೆ ಕಳುಹಿಸಿದನೆಂದು ಹೇಳಲಾಗುವ ದಂತದ ಕುರ್ಚಿಗಳುಂಟು. ಜಪಾನಿನ ಪಿಂಗಾಣಿ, ಪಾರಸಿಯ ರತ್ನಗಂಬಳಿ, ಕೈಬರಹದ ಕುರಾನು, ಬಗೆಬಗೆಯ ಕೈಗೋಲು, ಗಡಿಯಾರ, ಇವುಗಳ ನಡುವೆ ಮಕ್ಕಳ ಆಟದ ಸೀಸದ ಸಿಪಾಯಿಗಳೂ ಗೊಂಬೆಗಳೂ ಇವೆ. ತಂದೆಯ ಮುಖವನ್ನು ನೆನಪಿನಲ್ಲಿಟ್ಟುಕೊಳ್ಳಲಾಗದ, ಮದುವೆಯನ್ನೂ ಮಾಡಿಕೊಳ್ಳದ ಒಬ್ಬ ನವಾಬನು ಆಟಿಕೆಗಳನ್ನು ಕೊಂಡು ಕಪಾಟುಗಳಲ್ಲಿ ಸಾಲಾಗಿ ನಿಲ್ಲಿಸಿದನೆಂಬ ಸಂಗತಿಗೆ ವ್ಯಾಖ್ಯಾನ ಬೇಕಿಲ್ಲ.

ಅವರ ಆಯ್ಕೆಯಲ್ಲಿ ದೋಷಗಳಿರಲಿಲ್ಲವೆಂದು ಹೇಳುವುದು ಸತ್ಯಕ್ಕೆ ಅಪಚಾರವಾದೀತು. ರಾಶಿಯಲ್ಲಿ ರತ್ನವೂ ಇದೆ, ಗಾಜೂ ಇದೆ. ಯೂರೋಪಿನ ಪ್ರಖ್ಯಾತ ಚಿತ್ರಗಳ ನಕಲುಗಳು ಅಸಲಿನ ಪಕ್ಕದಲ್ಲಿಯೇ ತೂಗುತ್ತವೆ. ಅಜ್ಜನು ತಂದ ರೆಬೆಕಾ ಮೂರ್ತಿಯನ್ನೂ ಬೆಂಜೋನಿ ಒಂದಕ್ಕಿಂತ ಹೆಚ್ಚು ಬಾರಿ ಕಡೆದನೆಂಬುದು ಕಲಾಪ್ರಿಯರು ಬಲ್ಲ ವಿಷಯ. ವಿಮರ್ಶಕರು ಇದನ್ನು ಸಂಗ್ರಹವೆನ್ನದೆ ಕೂಟವೆಂದು ಕರೆದರೆ ಆಕ್ಷೇಪಿಸುವಂತಿಲ್ಲ. ಆದರೆ ಹಳೆಯ ಸಾಮಾನುಗಳ ಹುಚ್ಚು ಹತ್ತಿದವರ ಅನುಭವವನ್ನು ಬಲ್ಲವರು ಬೇರೆಯ ರೀತಿಯಲ್ಲಿ ತೂಗುತ್ತಾರೆ. ತಪ್ಪಾಗಿ ಕೊಳ್ಳಲು ಹೆದರುವವನ ಕೈಗೆ ಅಪೂರ್ವವಾದದ್ದೂ ಸಿಕ್ಕುವುದಿಲ್ಲ. ಹತ್ತು ಸಲ ಮೋಸಹೋದ ಕಣ್ಣೇ ಹನ್ನೊಂದನೆಯ ಸಲ ನಿಜವನ್ನು ಗುರುತಿಸುತ್ತದೆ.

ಇದಕ್ಕಿಂತ ಗುರುತರವಾದ ಪ್ರಶ್ನೆ ಹಣದ್ದು. ಚೌಕಾಸಿಯಲ್ಲಿ ಉಳಿಸಿದ ನಾಲ್ಕು ಕಾಸಿನಿಂದ ಹವ್ಯಾಸ ನಡೆಸುವವನಿಗೂ ಜಹಗೀರಿನ ಹುಟ್ಟುವಳಿಯಿಂದ ನಡೆಸುವವನಿಗೂ ಅಂತರವುಂಟು. ಪಿಂಗಾಣಿಯ ಹೂಜಿಗೆ ಸಂದ ಹಣ ಕೆರೆಯ ಹೂಳು ತೆಗೆಸಲೂ ಸಲ್ಲಬಹುದಾಗಿತ್ತು. ಇನ್ನೊಂದು ವಿಡಂಬನೆಯೂ ಇದೆ. ಲೋಕದ ಹಳತೆಲ್ಲ ಹಡಗು ಹತ್ತಿ ದಿವಾನ್ ದೇವಡಿಗೆ ಬರುತ್ತಿದ್ದ ಕಾಲದಲ್ಲಿ, ೧೯೩೧ರಲ್ಲಿ, ಅವರದೇ ಜಹಗೀರಿನ ಕೊಪ್ಪಳದಲ್ಲಿ ಗವಿಮಠದ ಗುಡ್ಡದ ಮೇಲೂ ಪಾಲ್ಕಿಗುಂಡಿನ ಬಂಡೆಯ ಮೇಲೂ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಎರಡು ಸಾವಿರದ ಇನ್ನೂರು ವರ್ಷಗಳಷ್ಟು ಹಳೆಯ ಆ ಅಕ್ಷರಗಳ ಪಕ್ಕದಲ್ಲಿ ದನಗಾಹಿಗಳು ಬಿಸಿಲು ಕಳೆಯುತ್ತಿದ್ದಿರಬೇಕು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ಕೊಪಣ ನಗರವೂ ಇದೇ. ಹೊತ್ತು ತಂದು ಮಾರಲು ಬರುವಂತಿಲ್ಲದ ಹಳತಿಗೆ ಯಾವ ವ್ಯಾಪಾರಿಯೂ ಬೆಲೆ ಕಟ್ಟಲಿಲ್ಲ. ನಮ್ಮ ಅಂಗಳದ್ದನ್ನು ನಾವು ಕಾಣದಿರುವುದು ನವಾಬರೊಬ್ಬರ ದೋಷವಲ್ಲ. ತೂಕಕ್ಕೆ ತಂಬಿಗೆಯನ್ನು ಮಾರುವ ನಮ್ಮೆಲ್ಲರ ದೋಷವೂ ಅದೇ.

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ಮರುವರ್ಷ ಮಾರ್ಚ್ ೨ರಂದು ನವಾಬರು ತೀರಿಕೊಂಡರು. ಇತರರ ಮುರಿದ ಮನೆಗಳಿಂದ ಬಂದ ವಸ್ತುಗಳನ್ನು ತುಂಬಿಕೊಂಡಿದ್ದ ಮನೆಯೇ ಈಗ ಒಡೆಯನಿಲ್ಲದ ಮನೆಯಾಯಿತು. ಮಕ್ಕಳಿಲ್ಲ, ಹಕ್ಕು ಹೇಳುವ ಬಂಧುಗಳು ಹಲವರು. ಹಂಚಿಕೆಯಾಗಿದ್ದರೆ ದಿವಾನ್ ದೇವಡಿಯ ಸಾಮಾನುಗಳೂ ಬಂದ ದಾರಿಯಲ್ಲಿಯೇ ಹಿಂದಿರುಗಿ, ಹರಾಜುಕಟ್ಟೆಗೂ ಗುಜರಿಗೂ ಸೇರಿ, ಮತ್ತೊಬ್ಬ ಹವ್ಯಾಸಿಗಾಗಿ ಕಾಯಬೇಕಾಗುತ್ತಿತ್ತು. ಹಾಗಾಗಲಿಲ್ಲ. ಸರಕಾರವು ಆಸ್ತಿಯ ಮೇಲ್ವಿಚಾರಣೆಗೆ ಸಮಿತಿಯನ್ನು ನೇಮಿಸಿತು. ಆಗ ಹೈದರಾಬಾದಿನ ಆಡಳಿತದ ಹೊಣೆ ಹೊತ್ತಿದ್ದ ಎಂ. ಕೆ. ವೆಲ್ಲೋಡಿಯವರು ಈ ರಾಶಿಯನ್ನು ವಸ್ತುಸಂಗ್ರಹಾಲಯವಾಗಿಸುವ ಯೋಚನೆ ಮಾಡಿದರು. ಅದನ್ನು ಒಪ್ಪಗೊಳಿಸಲು ಬಂದವರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪನವರಿಗೆ ಕನ್ನಡದಲ್ಲಿ ಬರೆಯಲು ತಿಳಿಹೇಳಿದ ಕಸಿನ್ಸರೇ ಇವರು. ಒಬ್ಬ ಕವಿಗೆ ತನ್ನ ಮನೆಯ ನಿಧಿಯನ್ನು ತೋರಿಸಿಕೊಟ್ಟ ಕೈಯೇ ನವಾಬರ ನಿಧಿಯನ್ನೂ ಒಪ್ಪವಾಗಿ ಜೋಡಿಸಿತು.

೧೯೫೧ರ ಡಿಸೆಂಬರ್ ೧೬ರಂದು ಜವಾಹರಲಾಲ್ ನೆಹರೂ ಅವರು ದಿವಾನ್ ದೇವಡಿಯ ಬಾಗಿಲನ್ನು ಜನರಿಗೆ ತೆರೆದರು. ೧೯೫೮ರಲ್ಲಿ ಬಂಧುಗಳು ನ್ಯಾಯಾಲಯದ ಮೂಲಕ ಒಪ್ಪಂದಕ್ಕೆ ಬಂದು ಸಂಗ್ರಹವನ್ನು ಭಾರತ ಸರಕಾರಕ್ಕೆ ದಾನ ಮಾಡಿದರು. ೧೯೬೧ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ೧೯೬೮ರಲ್ಲಿ ಅದು ಮೂಸಿ ನದಿಯ ದಡದ ಹೊಸ ಕಟ್ಟಡಕ್ಕೆ ಸಾಗಿತು. ಸುಮಾರು ೪೩,೦೦೦ ಕಲಾವಸ್ತುಗಳೂ ೯,೦೦೦ ಹಸ್ತಪ್ರತಿಗಳೂ ಅಲ್ಲಿವೆಯೆಂದು ಲೆಕ್ಕ. ಒಬ್ಬನ ಮನೆಯ ಸಾಮಾನು ಎಲ್ಲರ ಆಸ್ತಿಯಾಯಿತು. ಜೋಳ ಬೆಳೆದವನ ಮೊಮ್ಮಗನೂ ಇಂದು ಚೀಟಿ ಪಡೆದು ಒಳಗೆ ಹೋಗಿ ಅದನ್ನು ನೋಡಬಲ್ಲನು. ಹಳೆಯ ಸಾಲವೆಲ್ಲ ಇದರಿಂದ ತೀರಿತೆನ್ನಲಾಗದು. ಒಂದು ಪಾಲು ತೀರಿತೆನ್ನಬಹುದು.

ಇದೇ ವರ್ಷಗಳಲ್ಲಿ ಹೊಳೆಯ ದಡದಲ್ಲಿ ಇನ್ನೊಂದು ಮನೆ ಖಾಲಿ ಮಾಡುವ ಕೆಲಸ ನಡೆದಿತ್ತು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ನೀರು ತುಂಬಿಕೊಂಡಾಗ ಎರಡೂ ದಡಗಳ ಸುಮಾರು ತೊಂಬತ್ತು ಹಳ್ಳಿಗಳು ಮುಳುಗಿದವು. ಯಾವುದನ್ನು ಬಂಡಿಗೆ ಹೇರುವುದು, ಯಾವುದನ್ನು ಮಾರುವುದು, ಯಾವುದನ್ನು ನೀರಿಗೆ ಬಿಡುವುದು ಎಂಬ ಪ್ರಶ್ನೆ ಪ್ರತಿಯೊಂದು ಅಂಗಳದಲ್ಲಿಯೂ ಎದ್ದಿರಬೇಕು. ಆ ಕಡೆಗೋಲು, ಬೀಸುಕಲ್ಲು, ತೊಟ್ಟಿಲು, ಕೆತ್ತನೆಯ ಬಾಗಿಲುವಾಡಗಳನ್ನು ಒಂದೆಡೆ ಕೂಡಿಸಲು ನವಾಬನಿರಲಿಲ್ಲ; ಒಪ್ಪಗೊಳಿಸಲು ಕಸಿನ್ಸನೂ ಇರಲಿಲ್ಲ.

ಹೈದರಾಬಾದಿನ ಸಂಗ್ರಹಾಲಯದಲ್ಲಿ ಒಂದು ಗಡಿಯಾರವಿದೆ. ಗಂಟೆಗೊಮ್ಮೆ ಅದರೊಳಗಿಂದ ಪುಟ್ಟ ಬೊಂಬೆಯೊಂದು ಹೊರಬಂದು ಜಾಗಟೆಯನ್ನು ಬಾರಿಸಿ ಮರಳಿ ಒಳಸೇರುತ್ತದೆ. ಅದನ್ನು ನೋಡಲು ಜನರು ಕಾದು ಕುಳಿತಿರುತ್ತಾರೆ. ನಾಡಿನ ಮೂಲೆಮೂಲೆಗಳಿಂದ ಬಂದ ಆ ಜನರಲ್ಲಿ ಕೊಪ್ಪಳದವರೂ ಹಂಪಸಾಗರದವರೂ ಇದ್ದರೆ, ಜಾಗಟೆಯ ಕೊನೆಯ ಪೆಟ್ಟು ಅಡಗಿದ ಮೇಲೆ ಅವರು ತಮ್ಮ ಮನೆಯ ಅಟ್ಟದ ಮೇಲಿರುವುದನ್ನು ಒಮ್ಮೆ ನೆನೆಯಬೇಕು. ಮುಂದಿನ ಸಂತೆಯ ದಿನ ತಕ್ಕಡಿಯವನು ಬಾಗಿಲಿಗೆ ಬರುವ ಮೊದಲು ಅದನ್ನು ಕೆಳಗಿಳಿಸಿ, ಒರೆಸಿ, ಯಾರ ಕೈಯಿಂದ ಬಂದುದೆಂದು ಮಕ್ಕಳಿಗೆ ಹೇಳಿದರೆ, ಆ ವಸ್ತುವಿಗೆ ಮೂರನೆಯ ಬೆಲೆಯೊಂದು ಹುಟ್ಟುತ್ತದೆ. ಆ ಬೆಲೆಯನ್ನು ಕೊಟ್ಟು ಕೊಳ್ಳುವ ಶಕ್ತಿ ಸಾಲಾರ್ ಜಂಗರಿಗೂ ಇರಲಿಲ್ಲ.