ವ್ಯಾಪಾರಿ ಮಹಮೂದ್ ಗವಾನ್
ಇರಾನಿನ ಗೀಲಾನಿನಿಂದ ಮಹಮೂದ್ ಗವಾನರು 1453ರಲ್ಲಿ ಬೀದರ್‌ಗೆ ಬಂದದ್ದು ವ್ಯಾಪಾರಕ್ಕೆ. ಬಹಮನಿ ವಜೀರರಾದರು, ಬಿರುದು ಮಲಿಕ್-ಉತ್-ತುಜ್ಜಾರ್, ಅಂದರೆ ವ್ಯಾಪಾರಿಗಳ ಒಡೆಯ. ನಾವು ಕಾಮರ್ಸ್‌ನವರು ಹೆಮ್ಮೆಪಡಬೇಕು! 1472ರಲ್ಲಿ ಮದರಸಾ ಕಟ್ಟಿಸಿ, ಗೋಡೆಗೆ ಇರಾನಿ ಶೈಲಿಯ ಬಣ್ಣದ ಟೈಲ್ಸ್ ಹಾಕಿಸಿದರು. ಅಂಥ ಹೊಳಪಿಗೆ ಮರಳು, ಕ್ಷಾರ ಸೇರಿಸಿ ಕಾಯಿಸುತ್ತಾರೆ. ಬರೀ ಮರಳು, ಸೋಡಾ ಕರಗಿಸಿದರೆ ಸಿಗುವುದು ಸೋಡಿಯಂ ಸಿಲಿಕೇಟ್. ಅದು ಬಟ್ಟೆ ಸೋಪಿನ ಪುಡಿಗೂ ಹಾಕುವ ವಸ್ತು. ನೀರಲ್ಲಿ ಕರಗುತ್ತದೆ, ಕಣ್ಣು, ಚರ್ಮ ಸುಡುತ್ತದೆ. ಸುಣ್ಣದಂಥದ್ದು ಸೇರಿದರೇ ಮಳೆಗೆ ನಿಲ್ಲುವುದು. ಉಳಿದ ಟೈಲ್ಸ್ 500ಕ್ಕೂ ಹೆಚ್ಚು ಮಳೆಗಾಲ ಕಂಡಿವೆ. ಗವಾನರು ಕಂಡದ್ದು ಒಂಬತ್ತೇ ವರ್ಷ. ವಿರೋಧಿಗಳು ಅವರ ಮುದ್ರೆಯಿದ್ದ ಖಾಲಿ ಕಾಗದದಲ್ಲಿ, ಸಹಿ ಮಾಡಿದ ಖಾಲಿ ಚೆಕ್ಕಿನ ಹಾಗೆ, ಒರಿಸ್ಸಾ ರಾಜನಿಗೆ ದ್ರೋಹದ ಪತ್ರ ಬರೆದರು. ಸುಲ್ತಾನ ಸರಿಯಾಗಿ ವಿಚಾರಿಸದೆ 1481ರಲ್ಲಿ ತಲೆ ತೆಗೆಸಿದ. ಗೋರಿ ಬೀದರ್ ಊರ ಹೊರಗೇ ಇದೆ.