ಪಂಚಗಣಿಯ ಪಿಯಾನೊದಿಂದ ಕ್ವೀನ್ ತಂಡದವರೆಗೆ: ಫ್ರೆಡ್ಡಿ ಮರ್ಕ್ಯುರಿ ಜೀವನ ಚಿತ್ರ

ಸೆಪ್ಟೆಂಬರ್ 5 ಎಂದ ಕೂಡಲೇ ನಮಗೆ ಡಾ. ಸರ್ವಪಲ್ಲಿ ರಾಧಾಕೃಷ್ಣನ್ ನೆನಪಾಗುತ್ತಾರೆ. ಅದೇ ತಾರೀಖಿನಂದು, 1946ರಲ್ಲಿ, ಆಫ್ರಿಕಾದ ಪೂರ್ವ ಕರಾವಳಿಯ ಜಂಜಿಬಾರ್ ದ್ವೀಪದಲ್ಲಿ ಒಂದು ಪಾರ್ಸಿ ಕುಟುಂಬದಲ್ಲಿ ಫರೂಖ್ ಬುಲ್ಸಾರಾ ಎಂಬ ಹುಡುಗ ಹುಟ್ಟಿದ. ಮುಂದೆ ಫ್ರೆಡ್ಡಿ ಮರ್ಕ್ಯುರಿ ಎಂಬ ಹೆಸರಿನಿಂದ, ಇಂಗ್ಲೆಂಡಿನ ಕ್ವೀನ್ ಎಂಬ ರಾಕ್ ತಂಡದ ಗಾಯಕನಾಗಿ ಜಗತ್ತಿಗೆಲ್ಲ ಪರಿಚಿತನಾದವನು ಇವನೇ. ಅವರ ಧ್ವನಿ, ಉಡುಪು, ವೇದಿಕೆಯ ಮೇಲಿನ ಠೀವಿ ಇವುಗಳ ಬಗ್ಗೆ ಬಹಳಷ್ಟು ಜನ ಬರೆದಿದ್ದಾರೆ. ಶಿಕ್ಷಕರಾಗಲು ಹೊರಟಿರುವ ನಮಗೆ ಹೆಚ್ಚು ಉಪಯುಕ್ತವಾದದ್ದು ಅದಕ್ಕಿಂತ ಹಿಂದಿನ ಕಥೆ. ಶಾಲೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯರು ಏನನ್ನು ಗಮನಿಸಿದರು, ಆ ಹುಡುಗ ದೊಡ್ಡವನಾದ ಮೇಲೆ ನಾಲ್ವರು ವಿದ್ಯಾರ್ಥಿಗಳು ಸೇರಿ ಕಟ್ಟಿದ ತಂಡ ಐದು ವರ್ಷ ಹೇಗೆ ಹೆಣಗಿತು ಎಂಬುದನ್ನು ಇಲ್ಲಿ ನೋಡೋಣ.

ಬಾಲ್ಯ ಮತ್ತು ಶಾಲೆ

ತಂದೆ ಬೋಮಿ ಬುಲ್ಸಾರಾ ಜಂಜಿಬಾರಿನಲ್ಲಿ ಬ್ರಿಟಿಷ್ ಆಡಳಿತದ ಕೆಳಗೆ ಕ್ಯಾಷಿಯರ್ ಆಗಿದ್ದರು. ತಾಯಿ ಜೇರ್. ಮನೆತನದ ಮೂಲ ಗುಜರಾತಿನ ವಲಸಾಡ್. ಅದರ ಹಳೆಯ ಹೆಸರು ಬುಲ್ಸಾರ್, ಅದರಿಂದಲೇ ಬುಲ್ಸಾರಾ. ಮಗನಿಗೆ ಒಳ್ಳೆಯ ಶಿಕ್ಷಣ ಸಿಗಲೆಂದು ಎಂಟು ವರ್ಷದ ಎಳೆಯ ವಯಸ್ಸಿನಲ್ಲಿ ಅವನನ್ನು ಹಡಗಿನಲ್ಲಿ ಭಾರತಕ್ಕೆ ಕಳುಹಿಸಿದರು. ಕೃಷ್ಣಾ ನದಿ ಹುಟ್ಟುವ ಮಹಾಬಳೇಶ್ವರದ ಪಕ್ಕದಲ್ಲೇ ಇರುವ ಗಿರಿಧಾಮ ಪಂಚಗಣಿ. ಅಲ್ಲಿನ ಸೇಂಟ್ ಪೀಟರ್ಸ್ ವಸತಿ ಶಾಲೆಗೆ ಅವನು ಸೇರಿದ.

ತಂದೆ ತಾಯಿ ಸಮುದ್ರದ ಆಚೆ. ರಜೆ ಬಂದರೆ ಮುಂಬಯಿಯ ಬಂಧುಗಳ ಮನೆ. ಬಾಯಲ್ಲಿ ಹೆಚ್ಚುವರಿ ಹಲ್ಲುಗಳಿದ್ದುದರಿಂದ ಮುಂದಿನ ಹಲ್ಲುಗಳು ಉಬ್ಬಿ ಕಾಣುತ್ತಿದ್ದವು; ಜೊತೆಯ ಹುಡುಗರು ಅದನ್ನೇ ಹಿಡಿದು ಅಡ್ಡಹೆಸರು ಇಟ್ಟಿದ್ದರು. ಸಂಕೋಚದ ಸ್ವಭಾವದ ಹುಡುಗ. ಹಾಗಿದ್ದರೂ ಟೇಬಲ್ ಟೆನಿಸ್, ಬಾಕ್ಸಿಂಗ್, ಚಿತ್ರಕಲೆ, ನಾಟಕ ಎಲ್ಲದರಲ್ಲೂ ಇರುತ್ತಿದ್ದ. ಫ್ರೆಡ್ಡಿ ಎಂಬ ಹೆಸರು ಅವನಿಗೆ ಬಂದದ್ದು ಈ ಶಾಲೆಯಲ್ಲಿಯೇ.

ರೇಡಿಯೋದಲ್ಲಿ ಒಮ್ಮೆ ಕೇಳಿದ ಹಾಡನ್ನು ಪಿಯಾನೊ ಮುಂದೆ ಕುಳಿತು ನುಡಿಸಿಬಿಡುವ ಶಕ್ತಿ ಅವನಿಗಿತ್ತು. ಇದನ್ನು ಶಾಲೆಯ ಮುಖ್ಯೋಪಾಧ್ಯಾಯರು ಗಮನಿಸಿದರು. ಗಮನಿಸಿ ಸುಮ್ಮನಾಗಲಿಲ್ಲ, ಜಂಜಿಬಾರಿನ ಪೋಷಕರಿಗೆ ಪತ್ರ ಬರೆದರು. ಸ್ವಲ್ಪ ಹೆಚ್ಚುವರಿ ಶುಲ್ಕ ಕೊಟ್ಟರೆ ಹುಡುಗನಿಗೆ ಕ್ರಮಬದ್ಧವಾಗಿ ಸಂಗೀತ ಕಲಿಸಬಹುದು ಎಂಬುದು ಪತ್ರದ ಸಾರ. ತಂದೆ ತಾಯಿ ಒಪ್ಪಿದರು. ಫ್ರೆಡ್ಡಿ ಪಿಯಾನೊದಲ್ಲಿ ಪ್ರಾಯೋಗಿಕ ಮತ್ತು ಶಾಸ್ತ್ರ ಎರಡರಲ್ಲೂ ನಾಲ್ಕನೇ ಶ್ರೇಣಿಯವರೆಗೆ ಪಾಸಾದ. ಗಾಯನದಲ್ಲಿ ಮುಂದೆ ಅಷ್ಟು ಹೆಸರು ಮಾಡಿದ ವ್ಯಕ್ತಿ ಶಾಲೆಯಲ್ಲಿ ಕ್ರಮವಾಗಿ ಕಲಿತದ್ದು ಪಿಯಾನೊ ಎಂಬುದನ್ನು ಗಮನಿಸಬೇಕು. ಸ್ವರ, ತಾಳ, ಸ್ವರಮೇಳ ಇವುಗಳ ತಿಳಿವಳಿಕೆ ಆ ವಾದ್ಯದಿಂದ ಬಂತು.

1958ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ಐವರು ಸಹಪಾಠಿಗಳು ಸೇರಿ ದಿ ಹೆಕ್ಟಿಕ್ಸ್ ಎಂಬ ತಂಡ ಕಟ್ಟಿದರು. ಒಬ್ಬ ಹುಡುಗನ ವಾದ್ಯವಂತೂ ಚಹಾ ಪೆಟ್ಟಿಗೆಗೆ ಕೋಲು, ತಂತಿ ಕಟ್ಟಿ ಮಾಡಿದ್ದು. ಶಾಲೆಯ ಸಮಾರಂಭಗಳಲ್ಲಿ ಅಂದಿನ ಜನಪ್ರಿಯ ಪಾಶ್ಚಾತ್ಯ ಹಾಡುಗಳನ್ನು ನುಡಿಸುತ್ತಿದ್ದರು. ವಿಶೇಷವೆಂದರೆ ಫ್ರೆಡ್ಡಿ ಆ ತಂಡದ ಮುಖ್ಯ ಗಾಯಕನಲ್ಲ. ಹಾಡುತ್ತಿದ್ದವನು ಬೇರೆ, ಫ್ರೆಡ್ಡಿ ಹಿಂದೆ ಕುಳಿತು ಪಿಯಾನೊ ನುಡಿಸುತ್ತಿದ್ದ. ಸಂಕೋಚದ ಹುಡುಗ ಜನರ ಮುಂದೆ ಕೂರಲು ಕಲಿತದ್ದು ಹೀಗೆ.

ಊರು ಬಿಟ್ಟು ಇಂಗ್ಲೆಂಡಿಗೆ

1963ರಲ್ಲಿ ಶಾಲೆ ಬಿಟ್ಟು ಜಂಜಿಬಾರಿಗೆ ಮರಳಿದ. ಅಲ್ಲಿ ಹೆಚ್ಚು ಕಾಲ ನಿಲ್ಲಲಾಗಲಿಲ್ಲ. 1964ರ ಜನವರಿಯಲ್ಲಿ ದ್ವೀಪದಲ್ಲಿ ಕ್ರಾಂತಿಯಾಗಿ ಸುಲ್ತಾನರ ಆಳ್ವಿಕೆ ಬಿತ್ತು. ಅರಬರು, ಭಾರತೀಯ ಮೂಲದವರು ಬಹಳ ಜನ ಸತ್ತರು. ಬುಲ್ಸಾರಾ ಕುಟುಂಬ ಮನೆ, ನೌಕರಿ ಎಲ್ಲ ಬಿಟ್ಟು ಲಂಡನ್ ವಿಮಾನ ನಿಲ್ದಾಣದ ಸಮೀಪದ ಫೆಲ್ಥಮ್ ಎಂಬಲ್ಲಿಗೆ ಬಂದು ನೆಲೆಸಿತು. ಹದಿನೇಳು ವರ್ಷದ ಫ್ರೆಡ್ಡಿ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಐಲ್ವರ್ತ್ ಪಾಲಿಟೆಕ್ನಿಕ್‌ನಲ್ಲಿ ಓದಿದ. 1966ರಲ್ಲಿ ಈಲಿಂಗ್ ಕಲಾ ಕಾಲೇಜು ಸೇರಿ 1969ರಲ್ಲಿ ಗ್ರಾಫಿಕ್ ಕಲೆ ಮತ್ತು ವಿನ್ಯಾಸದಲ್ಲಿ ಡಿಪ್ಲೊಮಾ ಪಡೆದ.

ಆ ಕಾಲೇಜಿನಲ್ಲಿ ಟಿಮ್ ಸ್ಟಾಫೆಲ್ ಎಂಬ ವಿದ್ಯಾರ್ಥಿಯ ಪರಿಚಯವಾಯಿತು. ಟಿಮ್ ಅವರು ಸ್ಮೈಲ್ ಎಂಬ ತಂಡದ ಗಾಯಕ. ಅದರಲ್ಲಿ ಗಿಟಾರ್ ನುಡಿಸುತ್ತಿದ್ದವರು ಇಂಪೀರಿಯಲ್ ಕಾಲೇಜಿನ ಭೌತಶಾಸ್ತ್ರ ವಿದ್ಯಾರ್ಥಿ ಬ್ರಯನ್ ಮೇ. ಡ್ರಮ್ ಬಾರಿಸುತ್ತಿದ್ದವರು ದಂತವೈದ್ಯಕೀಯ ಓದಲು ಬಂದು ಆಮೇಲೆ ಜೀವಶಾಸ್ತ್ರಕ್ಕೆ ಬದಲಾದ ರೋಜರ್ ಟೇಲರ್. ಫ್ರೆಡ್ಡಿ ಸ್ಮೈಲ್ ತಂಡದ ಕಾರ್ಯಕ್ರಮಗಳಿಗೆ ತಪ್ಪದೆ ಹೋಗಿ, ಹೀಗೆ ನಿಲ್ಲಬೇಕು, ಹಾಗೆ ಹಾಡಬೇಕು ಎಂದು ಸಲಹೆ ಕೊಡುತ್ತಿದ್ದರು. ಆದರೆ ತಂಡದೊಳಗೆ ಜಾಗ ಇರಲಿಲ್ಲ. ಐಬೆಕ್ಸ್, ಸೌರ್ ಮಿಲ್ಕ್ ಸೀ ಎಂಬ ಬೇರೆ ತಂಡಗಳಲ್ಲಿ ಹಾಡಿ ನೋಡಿದರು. ಎರಡೂ ಹೆಚ್ಚು ದಿನ ಬಾಳಲಿಲ್ಲ. ಹೊಟ್ಟೆಪಾಡಿಗೆ ರೋಜರ್ ಜೊತೆ ಕೆನ್ಸಿಂಗ್ಟನ್ ಮಾರುಕಟ್ಟೆಯ ಒಂದು ಮಳಿಗೆಯಲ್ಲಿ ಹಳೆಯ ಬಟ್ಟೆ ಮಾರಿದರು.

ಕ್ವೀನ್ ತಂಡ ಹುಟ್ಟಿದ್ದು

1970ರಲ್ಲಿ ಟಿಮ್ ಸ್ಮೈಲ್ ತಂಡ ಬಿಟ್ಟಾಗ ಆ ಜಾಗಕ್ಕೆ ಫ್ರೆಡ್ಡಿ ಬಂದರು. ಕ್ವೀನ್ ಎಂಬ ಹೆಸರು ಅವರದೇ ಆಯ್ಕೆ. ಉಳಿದವರಿಗೆ ಮೊದಲು ಅಷ್ಟಾಗಿ ಹಿಡಿಸಿರಲಿಲ್ಲ. ತನ್ನ ಹೆಸರನ್ನೂ ಬುಲ್ಸಾರಾದಿಂದ ಮರ್ಕ್ಯುರಿ ಎಂದು ಬದಲಾಯಿಸಿಕೊಂಡರು. ಕಲಾ ಕಾಲೇಜಿನ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂತು: ಸದಸ್ಯರ ರಾಶಿಚಿಹ್ನೆಗಳಾದ ಎರಡು ಸಿಂಹ, ಒಂದು ಏಡಿ, ಕನ್ಯಾರಾಶಿಗೆ ಇಬ್ಬರು ಕಿನ್ನರಿಯರು, ಮೇಲೆ ರೆಕ್ಕೆ ಬಿಚ್ಚಿದ ಫೀನಿಕ್ಸ್ ಹಕ್ಕಿ ಸೇರಿಸಿ ತಂಡದ ಲಾಂಛನವನ್ನು ಸ್ವತಃ ಬರೆದರು.

ಒಂದು ರಾಕ್ ತಂಡಕ್ಕೆ ಗಾಯಕ, ವಿದ್ಯುತ್ ಗಿಟಾರ್, ಡ್ರಮ್ ಇದ್ದರೆ ಸಾಲದು; ಕೆಳಸ್ತರದ ನಾದ ಹಿಡಿದುಕೊಡುವ ಬೇಸ್ ಗಿಟಾರ್ ಬೇಕು. ಒಂದು ವರ್ಷದೊಳಗೆ ಮೂವರು ಬೇಸ್ ವಾದಕರು ಬಂದು ಹೋದರು. 1971ರ ಆರಂಭದಲ್ಲಿ ಚೆಲ್ಸೀ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ಜಾನ್ ಡೀಕನ್ ಸೇರಿದರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಈ ನಾಲ್ವರೇ.

ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೈಗೆಟುಕುವ ವಸ್ತುಗಳಿಂದ ಕಡಿಮೆ ಖರ್ಚಿನ ಬೋಧನೋಪಕರಣ ಮಾಡಿ ಎಂದು ನಮಗೆ ಹೇಳಿಕೊಡುತ್ತಾರಲ್ಲವೇ? ಬ್ರಯನ್ ಮೇ ಬಳಸುತ್ತ ಬಂದ ಗಿಟಾರ್ ಅಂಥದ್ದೇ. ಒಳ್ಳೆಯ ಗಿಟಾರ್ ಕೊಳ್ಳಲು ಹಣವಿಲ್ಲದ್ದರಿಂದ 1963ರಲ್ಲಿ ತಂದೆಯೊಡನೆ ಸೇರಿ ಮನೆಯಲ್ಲೇ ಮಾಡಲು ಕೂತರು. ಸುಮಾರು ಎರಡು ವರ್ಷ ಹಿಡಿಯಿತು. ಹಿಡಿಯ ಮರ ಹಳೆಯ ಬೆಂಕಿಗೂಡಿನದು, ಕಂಪನ ಕೊಡುವ ಭಾಗದ ಸ್ಪ್ರಿಂಗು ಹಳೆಯ ಮೋಟಾರ್ ಸೈಕಲ್ಲಿನದು, ಹಿಡಿಯ ಮೇಲಿನ ಚುಕ್ಕೆಗಳು ಮುತ್ತುಚಿಪ್ಪಿನ ಗುಂಡಿಗಳು. ಜಾನ್ ಡೀಕನ್ ಅವರೂ ಕಸದಲ್ಲಿ ಎಸೆದಿದ್ದ ಒಂದು ಸರ್ಕ್ಯೂಟ್ ಬೋರ್ಡನ್ನು ತಂದು ಚಿಕ್ಕ ಆಂಪ್ಲಿಫೈಯರ್ ಮಾಡಿದರು. ಅದರ ನಾದ ತಂಡದ ಹಲವು ಧ್ವನಿಮುದ್ರಣಗಳಲ್ಲಿ ಇದೆ. ಅನುರಣನ, ಕಂಪನಾಂಕ, ವರ್ಧಕ ಇವು ಇವರಿಗೆ ಪುಸ್ತಕದ ಪಾಠ ಮಾತ್ರ ಆಗಿರಲಿಲ್ಲ.

ಹೆಣಗಾಟದ ಐದು ವರ್ಷ

ಮೊದಲ ವರ್ಷಗಳಲ್ಲಿ ಕಾರ್ಯಕ್ರಮಗಳು ಕಾಲೇಜು ಸಭಾಂಗಣಗಳಲ್ಲಿ, ಕೇಳುಗರು ಹೆಚ್ಚಾಗಿ ಸ್ನೇಹಿತರು. 1971ರಲ್ಲಿ ಡಿ ಲೇನ್ ಲೀ ಎಂಬ ಧ್ವನಿಮುದ್ರಣ ಸಂಸ್ಥೆ ವೆಂಬ್ಲಿಯಲ್ಲಿ ಹೊಸ ಸ್ಟುಡಿಯೊ ತೆರೆದಿತ್ತು. ಅಲ್ಲಿನ ಉಪಕರಣಗಳನ್ನು ಪರೀಕ್ಷಿಸಲು ಗಟ್ಟಿಯಾಗಿ ನುಡಿಸುವ ತಂಡ ಬೇಕಾಗಿತ್ತು. ಕ್ವೀನ್ ತಂಡದವರು ನುಡಿಸಿದರು. ಪ್ರತಿಯಾಗಿ ತಮ್ಮ ಹಾಡುಗಳ ಮಾದರಿ ಮುದ್ರಣ ಪಡೆದರು. ಆ ಟೇಪು ಹಿಡಿದುಕೊಂಡು ಕಂಪನಿಗಳ ಬಾಗಿಲಿಗೆ ಅಲೆದರು. ಸುಲಭವಾಗಿ ಯಾರೂ ಒಪ್ಪಲಿಲ್ಲ.

1972ರಲ್ಲಿ ಟ್ರೈಡೆಂಟ್ ಎಂಬ ಸಂಸ್ಥೆ ಒಪ್ಪಂದ ಮಾಡಿಕೊಂಡಿತು. ಅವರ ಸ್ಟುಡಿಯೊ ಹೆಸರಾಂತ ಕಲಾವಿದರಿಂದ ತುಂಬಿರುತ್ತಿತ್ತು. ಅವರು ಕಾಯ್ದಿರಿಸದೆ ಉಳಿದ ಹೊತ್ತು, ಅಂದರೆ ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ, ಇವರ ಪಾಲಿಗೆ. ಹೀಗೆ ತುಂಡು ತುಂಡಾಗಿ ಮುದ್ರಿಸಿದ ಮೊದಲ ಆಲ್ಬಂ ಹೊರಬಂದದ್ದು 1973ರ ಜುಲೈನಲ್ಲಿ. ಅದರ ಮೊದಲ ಹಾಡಿನ ತಟ್ಟೆ ಮಾರಾಟದ ಪಟ್ಟಿಯಲ್ಲಿ ಕಾಣಿಸಲೇ ಇಲ್ಲ. ಈ ಅವಧಿಯಲ್ಲಿ ಬ್ರಯನ್ ಮೇ ಹಗಲು ದಕ್ಷಿಣ ಲಂಡನ್ನಿನ ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತ, ಧೂಳಿನ ಕಣಗಳ ಮೇಲೆ ಖಗೋಳಶಾಸ್ತ್ರದ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದರು. ಕೊನೆಗೆ ಸಂಗೀತಕ್ಕಾಗಿ ಪ್ರಬಂಧವನ್ನು ಅರ್ಧಕ್ಕೆ ನಿಲ್ಲಿಸಿದರು. ಅದನ್ನು ಮುಗಿಸಿ ಪದವಿ ಪಡೆದದ್ದು ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, 2007ರಲ್ಲಿ!

1974ರ ಫೆಬ್ರವರಿಯಲ್ಲಿ ಬಿಬಿಸಿಯ ಟಾಪ್ ಆಫ್ ದಿ ಪಾಪ್ಸ್ ಕಾರ್ಯಕ್ರಮದಲ್ಲಿ ಬೇರೊಬ್ಬರಿಗಿದ್ದ ಜಾಗ ಖಾಲಿಯಾಗಿ ಇವರಿಗೆ ಅವಕಾಶ ಸಿಕ್ಕಿತು. ಹಾಡು ಹತ್ತನೇ ಸ್ಥಾನಕ್ಕೆ ಬಂತು. ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಮೊದಲ ಅಮೆರಿಕ ಪ್ರವಾಸದ ನಡುವೆ ಬ್ರಯನ್ ಮೇ ಅವರಿಗೆ ಕಾಮಾಲೆ ತಗುಲಿ ಎಲ್ಲರೂ ಮರಳಬೇಕಾಯಿತು. ಆಮೇಲೆ ಕರುಳಿನ ಹುಣ್ಣು. ಅವರು ಆಸ್ಪತ್ರೆಯಲ್ಲಿದ್ದಾಗ ಉಳಿದ ಮೂವರು ಹೊಸ ಆಲ್ಬಂ ಮುದ್ರಿಸುತ್ತ, ಗಿಟಾರ್ ಬರಬೇಕಾದ ಜಾಗಗಳನ್ನು ಖಾಲಿ ಬಿಟ್ಟು ಕಾದರು. ಬೇರೊಬ್ಬ ಗಿಟಾರ್ ವಾದಕನನ್ನು ತರಲಿಲ್ಲ. ಆ ಆಲ್ಬಮಿನ, ಫ್ರೆಡ್ಡಿ ರಚಿಸಿದ ಕಿಲ್ಲರ್ ಕ್ವೀನ್ ಹಾಡು ಬ್ರಿಟನ್ನಿನಲ್ಲಿ ಎರಡನೇ ಸ್ಥಾನ ಪಡೆಯಿತು.

ಹೆಸರು ಬಂದರೂ ಕೈಯಲ್ಲಿ ಹಣವಿರಲಿಲ್ಲ. ಧ್ವನಿಮುದ್ರಣ, ಹಕ್ಕು, ನಿರ್ವಹಣೆ ಮೂರೂ ಒಂದೇ ಸಂಸ್ಥೆಯ ಕೈಲಿದ್ದುದರಿಂದ ತಂಡಕ್ಕೆ ಸಿಗುತ್ತಿದ್ದುದು ವಾರಕ್ಕೆ ತಲಾ 60 ಪೌಂಡ್ ಸಂಬಳ ಮಾತ್ರ. ಆಗಷ್ಟೇ ಮದುವೆಯಾಗಿದ್ದ ಜಾನ್ ಡೀಕನ್ ಮನೆ ಕೊಳ್ಳಲು ಮುಂಗಡ ಕೇಳಿದರೂ ಸಿಗಲಿಲ್ಲವೆಂಬುದು ತಂಡದವರ ದೂರು. 1975ರ ಆಗಸ್ಟ್‌ನಲ್ಲಿ 1 ಲಕ್ಷ ಪೌಂಡ್ ಮತ್ತು ಮುಂದಿನ ಆರು ಆಲ್ಬಂಗಳ ಆದಾಯದಲ್ಲಿ ಶೇ. 1 ಪಾಲು ಕೊಡಲು ಒಪ್ಪಿ ಅವರು ಆ ಒಪ್ಪಂದದಿಂದ ಹೊರಬಂದರು.

ಸಾಲದ ಹೊರೆಯೊಂದಿಗೆ ಮುಂದಿನ ಆಲ್ಬಂ ಆರಂಭಿಸಿದರು. ಸೋತರೆ ತಂಡವೇ ಮುಗಿಯಿತು ಎಂಬಂಥ ಹೊತ್ತು. ಅದರಲ್ಲಿ ಫ್ರೆಡ್ಡಿ ಬರೆದ ಬೊಹೀಮಿಯನ್ ರ‍್ಯಾಪ್ಸಡಿ ಹಾಡು 5 ನಿಮಿಷ 55 ಸೆಕೆಂಡಿನದು. ಮೂವರ ಧ್ವನಿಗಳನ್ನೇ ಪದರ ಪದರವಾಗಿ ಮತ್ತೆ ಮತ್ತೆ ಮುದ್ರಿಸಿ ಮೇಳಗಾಯನದ ಭಾಗ ಕಟ್ಟಿದರು. ಟೇಪು ಸವೆದು ಬೆಳಕು ತೂರುವಷ್ಟು ತೆಳುವಾಯಿತಂತೆ. ಅಷ್ಟು ಉದ್ದದ ಹಾಡನ್ನು ರೇಡಿಯೋದವರು ಹಾಕುವುದಿಲ್ಲ, ಕತ್ತರಿಸಿ ಎಂದು ಕಂಪನಿಯವರು ಹೇಳಿದರು. ತಂಡ ಒಪ್ಪಲಿಲ್ಲ. 1975ರ ಅಕ್ಟೋಬರ್ 31ರಂದು ಬಿಡುಗಡೆಯಾದ ಆ ಹಾಡು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು.

ನಂತರದ ವರ್ಷಗಳು

ಆಮೇಲಿನದು ಎಲ್ಲರಿಗೂ ತಿಳಿದ ಯಶಸ್ಸಿನ ಕಥೆ. 1985ರ ಜುಲೈ 13ರಂದು ಇಥಿಯೋಪಿಯಾದ ಬರಗಾಲ ಪರಿಹಾರಕ್ಕಾಗಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಲೈವ್ ಏಡ್ ಕಾರ್ಯಕ್ರಮದಲ್ಲಿ ಸುಮಾರು 20 ನಿಮಿಷ ಹಾಡಿ ಇಡೀ ಕ್ರೀಡಾಂಗಣವನ್ನು ಜೊತೆಗೆ ಹಾಡಿಸಿದರು. ಏಡ್ಸ್ ಕಾಯಿಲೆಗೆ ತುತ್ತಾದ ಮೇಲೂ ಶಕ್ತಿ ಇರುವವರೆಗೆ ಧ್ವನಿಮುದ್ರಣ ನಿಲ್ಲಿಸಲಿಲ್ಲ. ಕಾಯಿಲೆಯ ವಿಷಯವನ್ನು ಬಹಿರಂಗಪಡಿಸಿದ ಮರುದಿನ, 1991ರ ನವೆಂಬರ್ 24ರಂದು, 45ನೇ ವಯಸ್ಸಿನಲ್ಲಿ ತೀರಿಕೊಂಡರು. ಪಾರ್ಸಿ ವಿಧಿಯಂತೆ ಪ್ರಾರ್ಥನೆ ನಡೆಯಿತು. ಅವರ ಹೆಸರಿನ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಏಡ್ಸ್ ವಿರುದ್ಧ ಇಂದಿಗೂ ಕೆಲಸ ಮಾಡುತ್ತಿದೆ.

ನಮಗೆ ಇದರಿಂದೇನು?

ಆ ಮುಖ್ಯೋಪಾಧ್ಯಾಯರೇ ಫ್ರೆಡ್ಡಿಯನ್ನು ದೊಡ್ಡ ಗಾಯಕನಾಗಿ ಮಾಡಿದರು ಎಂದರೆ ಅತಿಶಯೋಕ್ತಿಯಾಗುತ್ತದೆ. ಅವರು ಮಾಡಿದ್ದು ಮೂರು ಸಣ್ಣ ಕೆಲಸ: ಮಗುವಿನ ಶಕ್ತಿಯನ್ನು ಗಮನಿಸಿದರು, ಮನೆಯವರಿಗೆ ತಿಳಿಸಿದರು, ಕಲಿಯಲು ಏರ್ಪಾಡು ಮಾಡಿದರು. ಹೆಕ್ಟಿಕ್ಸ್ ತಂಡಕ್ಕೆ ಶಾಲೆ ಕೊಟ್ಟದ್ದು ಒಂದು ವೇದಿಕೆ, ಕೇಳಲು ಒಂದಷ್ಟು ಹುಡುಗರು. ಉಳಿದ ಹದಿನೇಳು ವರ್ಷಗಳ ದುಡಿಮೆ ಫ್ರೆಡ್ಡಿಯದು ಮತ್ತು ಸಂಗಡಿಗರದು.

ಬೋಧನಾಭ್ಯಾಸದ ವಾರಗಳಲ್ಲಿ ನಾವು ಪಾಠಯೋಜನೆ, ಘಟಕ ಪರೀಕ್ಷೆ, ಅಂಕಪಟ್ಟಿ ಇವುಗಳಲ್ಲೇ ಮುಳುಗಿರುತ್ತೇವೆ. ಸಂಚಿತ ದಾಖಲೆಯಲ್ಲಿ ಆಸಕ್ತಿ, ಅಭಿರುಚಿ ಎಂಬ ಕಲಂ ಇರುತ್ತದೆ. ಬಹಳಷ್ಟು ಸಲ ಅಲ್ಲಿ ಎಲ್ಲ ಮಕ್ಕಳಿಗೂ ಒಂದೇ ಪದ ಬೀಳುತ್ತದೆ. ಹಿಂದಿನ ಬೆಂಚಿನಲ್ಲಿ ಮೇಜನ್ನು ತಾಳ ಹಾಕಿ ಬಡಿಯುವ ಹುಡುಗನನ್ನು ಸುಮ್ಮನಿರಿಸುವ ಮೊದಲು ಆ ಕಲಂ ನೆನಪಾಗಲಿ. ಹಲ್ಲು, ಬಣ್ಣ, ಉಚ್ಚಾರ ಹಿಡಿದು ಅಡ್ಡಹೆಸರು ಇಡುವುದು ಕೇಳಿಸಿದರೆ ಅಲ್ಲಿಯೇ ತಡೆಯೋಣ. ಪೋಷಕರ ಸಭೆಗೆ ಬಂದ ತಾಯಿಗೆ ಅಂಕ ಹೇಳಿದ ಮೇಲೆ, ಮಗು ಚೆನ್ನಾಗಿ ಮಾಡುವ ಒಂದು ಕೆಲಸವನ್ನೂ ಹೆಸರಿಸಿ ಹೇಳೋಣ. ಅದಕ್ಕೆ ಯಾವ ಹೆಚ್ಚುವರಿ ಅನುದಾನವೂ ಬೇಡ.