ಬೀದರಿನ ಆಕಾಶಕ್ಕೆ ಕಿರಣ ಕೊಟ್ಟ ಘಾಟಗೆ

ಬೀದರಿನವರಿಗೆ ವಿಮಾನದ ಸದ್ದು ಹೊಸದಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಕಸ ಹೊಡೆಯೋ ಹೊತ್ತಿಗೆ ತಲೆ ಮೇಲೆ ಗುಡುಗಿದರೆ ಊರಿನವರು ಕತ್ತೆತ್ತಿ ನೋಡುವುದಿಲ್ಲ. ಭಾಲ್ಕಿ ಬಸ್ಸಿನಿಂದ ಇಳಿದ ಬೇರೆ ಊರಿನವರು ಮಾತ್ರ ನೋಡ್ತಾರೆ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ನಮ್ಮ ಊರಲ್ಲೇ ಎಂಬ ಹೆಮ್ಮೆ ಚೌಬಾರದಿಂದ ಬಸ್ ಸ್ಟ್ಯಾಂಡಿನವರೆಗೆ ಎಲ್ಲರಿಗೂ ಇದೆ. ಆದರೆ ಆ ತಂಡ ಹದಿನೈದು ವರ್ಷ ಹಾರಿಸಿದ ಕಿರಣ್ ವಿಮಾನ ಎಲ್ಲಿಂದ ಬಂತು, ಅದರ ಹಿಂದೆ ಇದ್ದವರು ಯಾರು ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ ವಿದೇಶದ್ದು ಇರಬೇಕು ಅಂತಾರೆ.

ವಿದೇಶದ್ದಲ್ಲ. ಬೆಂಗಳೂರಿನದು. ಹಿಂದೆ ಇದ್ದವರ ಹೆಸರು ಡಾ. ವಿಷ್ಣು ಮಾಧವ ಘಾಟಗೆ.

ಇವರು ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ಕೊಲ್ಹಾಪುರ ಸೀಮೆಯ ಹಸೂರು ಎಂಬ ಹಳ್ಳಿಯಲ್ಲಿ. ಎತ್ತಿನ ಬಂಡಿಯ ಕಾಲ ಅದು. ಮುಂಬಯಿಯಲ್ಲಿ ಓದು ಮುಗಿಸಿ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಗುರುವಾಗಿ ಸಿಕ್ಕವರು ಲುಡ್ವಿಗ್ ಪ್ರಾಂಟಲ್. ಗಾಳಿಯ ಹರಿವಿನ ಶಾಸ್ತ್ರದಲ್ಲಿ ಪ್ರಾಂಟಲ್ ಅಂದರೆ ಜಗತ್ತಿಗೇ ಮೇಷ್ಟ್ರು. ಹಾರುವ ವಿಮಾನದ ರೆಕ್ಕೆಗೆ ಅಂಟಿಕೊಂಡಂತೆ ಗಾಳಿಯ ಒಂದು ತೆಳು ಪದರ ಇರುತ್ತದೆ, ವಿಮಾನದ ಹಣೆಬರಹವೆಲ್ಲ ಆ ಪದರದಲ್ಲೇ ಇದೆ ಎಂದು ತೋರಿಸಿಕೊಟ್ಟವರು ಅವರು.

ಈ ಪದರದ ಮಾತು ಸ್ವಲ್ಪ ನೆನಪಿಡಿ. ಮುಂದೆ ಬೇಕಾಗುತ್ತದೆ.

1936ರಲ್ಲಿ ಘಾಟಗೆಯವರಿಗೆ ಡಾಕ್ಟರೇಟ್ ಆಯಿತು. ಆದರೆ ವಿಮಾನ ವಿದ್ಯೆ ಕಲಿತು ವಾಪಸ್ಸು ಬಂದದ್ದು ಒಂದೇ ಒಂದು ವಿಮಾನ ಕಾರ್ಖಾನೆ ಇಲ್ಲದ ದೇಶಕ್ಕೆ. ಈಜು ಕಲಿತು ಮರುಭೂಮಿಗೆ ಬಂದ ಹಾಗೆ.

ಕಾರ್ಖಾನೆ ಬಂತು

ಯುದ್ಧ ದಾರಿ ತೆಗೆಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯ ಪಡೆದು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಘಾಟಗೆಯವರು ಅದೇ ವರ್ಷ ಅಲ್ಲಿಗೆ ಸೇರಿಕೊಂಡರು. 1941ರಲ್ಲಿ ಆ ಕಾರ್ಖಾನೆಯಿಂದ ಮೊದಲು ಹಾರಿದ್ದು ಅಮೆರಿಕದ ಬಿಡಿಭಾಗ ತರಿಸಿ ಜೋಡಿಸಿದ ಹಾರ್ಲೋ ಎಂಬ ತರಬೇತಿ ವಿಮಾನ. ಜೋಡಿಸೋದು ಬೇರೆ, ಸ್ವಂತ ಲೆಕ್ಕ ಹಾಕಿ ಮಾಡೋದು ಬೇರೆ. ಘಾಟಗೆಯವರು ಹತ್ತು ಜನ ಕೂರುವ ಒಂದು ಗ್ಲೈಡರನ್ನು ಸ್ವಂತವಾಗಿ ರೂಪಿಸಿದರು. ಎಂಜಿನ್ ಇಲ್ಲದ ವಿಮಾನ ಅದು. ಅಷ್ಟರಲ್ಲಿ ಯುದ್ಧ ಪೂರ್ವಕ್ಕೂ ಹಬ್ಬಿ, ಕಾರ್ಖಾನೆಗೆ ಯುದ್ಧವಿಮಾನಗಳ ರಿಪೇರಿ ಕೆಲಸವೇ ಹೆಚ್ಚಾಯಿತು.

1942ರ ಡಿಸೆಂಬರಿನಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ಅದರ ಹೊಣೆ ಘಾಟಗೆಯವರ ಹೆಗಲಿಗೇ ಬಂತು. ವಿಮಾನ ಮಾಡುವ ಮೊದಲು ವಿಮಾನ ಮಾಡುವ ಹುಡುಗರನ್ನು ತಯಾರು ಮಾಡಬೇಕಾಯಿತು. ಇದು ಅವರ ಬದುಕಿನ ಗುಟ್ಟು ನೋಡಿ. ಮುಂದೆ ಕಾರ್ಖಾನೆಯಲ್ಲೂ ಅವರು ಮಾಡಿದ್ದು ಕಲಿಯುವವರಿಗಾಗಿ ವಿಮಾನ.

ಕಲಿಯುವವನ ವಿಮಾನ

ಸ್ವಾತಂತ್ರ್ಯ ಬಂದ ಮೇಲೆ ಘಾಟಗೆಯವರು ಕಾರ್ಖಾನೆಯಲ್ಲಿ ವಿನ್ಯಾಸದ ಮುಖ್ಯಸ್ಥರಾದರು. ಅವರ ಕೈಯಲ್ಲಿ ಎಚ್‌ಟಿ-2 ತಯಾರಾಗಿ 1951ರ ಆಗಸ್ಟ್ 5ರಂದು ಹಾರಿತು. ಹಾರಿಸಿದವರು ಕ್ಯಾಪ್ಟನ್ ಜಮ್ಶೇದ್ ಮುನ್ಶಿ. ಭಾರತದಲ್ಲೇ ರೂಪಿಸಿ, ಭಾರತದಲ್ಲೇ ಸಾಲಾಗಿ ತಯಾರಿಸಿದ ಮೊದಲ ವಿಮಾನ ಅದು. ಸುಮಾರು 170 ತಯಾರಾದವು. ಹೊಸದಾಗಿ ವಾಯುಪಡೆ ಕಟ್ಟಿಕೊಂಡ ಆಫ್ರಿಕದ ಘಾನಾ ದೇಶ ಹನ್ನೆರಡು ವಿಮಾನ ಕೊಂಡುಕೊಂಡಿತು. ನಮ್ಮ ಬೀದರಿನ ತರಬೇತಿ ಶಾಲೆಯಲ್ಲೂ ಅದು ಹಾರಿದೆ.

ತರಬೇತಿ ವಿಮಾನ ಮಾಡೋದು ಯುದ್ಧವಿಮಾನಕ್ಕಿಂತ ಸುಲಭ ಅಂತ ಅಂದುಕೊಳ್ಳಬೇಡಿ. ಯುದ್ಧವಿಮಾನ ಹಾರಿಸುವವನು ಪಳಗಿದವನು. ತರಬೇತಿ ವಿಮಾನದಲ್ಲಿ ಕೂರುವವನು ಇಪ್ಪತ್ತು ವರ್ಷದ ಹುಡುಗ. ತಪ್ಪು ಮಾಡೇ ಮಾಡ್ತಾನೆ. ಮೂತಿ ಜಾಸ್ತಿ ಎತ್ತುತ್ತಾನೆ, ವೇಗ ಕಮ್ಮಿ ಮಾಡ್ತಾನೆ. ಆಗ ರೆಕ್ಕೆಯ ಮೇಲಿನ ಆ ಗಾಳಿಪದರ ಕಿತ್ತು ಹೋಗುತ್ತದೆ. ವಿಮಾನವನ್ನು ಎತ್ತಿ ಹಿಡಿದ ಬಲ ಕುಸಿದು ಬೀಳುತ್ತದೆ. ಒಂದು ಕಡೆಯ ರೆಕ್ಕೆ ಮೊದಲು ಸೋತರೆ ವಿಮಾನ ಬುಗುರಿಯಂತೆ ಸುತ್ತುತ್ತಾ ಕೆಳಗೆ ಬರುತ್ತದೆ. ಒಳ್ಳೆಯ ತರಬೇತಿ ವಿಮಾನ ಬೀಳುವ ಮೊದಲೇ ಮೈ ನಡುಗಿಸಿ ಹುಡುಗನಿಗೆ ಹೇಳಬೇಕು. ಸುತ್ತಲು ಶುರು ಮಾಡಿದರೂ, ಕಲಿಸಿದ ಹಾಗೆ ಮಾಡಿದರೆ ನೆಟ್ಟಗಾಗಬೇಕು. ತಪ್ಪನ್ನು ತೋರಿಸಬೇಕು, ಆದರೆ ಕ್ಷಮಿಸಬೇಕು. ಪ್ರಾಂಟಲ್ ಹತ್ತಿರ ಕಲಿತ ವಿದ್ಯೆ ಉಪಯೋಗಕ್ಕೆ ಬರೋದು ಇಲ್ಲೇ.

ಕಿರಣದ ಕಥೆ

1950ರ ದಶಕ ಮುಗಿಯುವ ಹೊತ್ತಿಗೆ ವಾಯುಪಡೆ ಪೂರಾ ಜೆಟ್ ಕಡೆ ತಿರುಗಿತ್ತು. ಪಂಖ ತಿರುಗುವ ವಿಮಾನದಲ್ಲಿ ಕಲಿತ ಹುಡುಗನನ್ನು ಏಕದಂ ಜೆಟ್ಟಿಗೆ ಹತ್ತಿಸಲು ಬರುವುದಿಲ್ಲ. ಆ ಕೆಲಸಕ್ಕೆ ಇದ್ದದ್ದು ಬ್ರಿಟನ್ನಿನ ವ್ಯಾಂಪೈರ್. ಅದಕ್ಕೆ ವಯಸ್ಸಾಗುತ್ತಿತ್ತು. ಹೀಗಾಗಿ ಸ್ವಂತ ಜೆಟ್ ತರಬೇತಿ ವಿಮಾನ ಬೇಕೆಂದು 1959ರಲ್ಲಿ ತೀರ್ಮಾನವಾಯಿತು. ಕೆಲಸ ಘಾಟಗೆಯವರ ತಂಡಕ್ಕೆ ಬಂತು.

ತೀರ್ಮಾನ ಆಯಿತೇ ಹೊರತು ಕೆಲಸ ಓಡಲಿಲ್ಲ. ಕಾರಣ ಸರಳ. ವಿನ್ಯಾಸ ಬಲ್ಲವರು ಬೆರಳೆಣಿಕೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಕೈಕೆಳಗೆ ಮಾರುತ ಯುದ್ಧವಿಮಾನದ ಕೆಲಸ ಅದೇ ಕಾರ್ಖಾನೆಯಲ್ಲಿ ನಡೆದಿತ್ತು. ಮದುವೆ ಮನೆಗೆ ಅಡುಗೆಯವರೆಲ್ಲ ಹೋದರೆ ದಿನದ ಊಟಕ್ಕೆ ಯಾರು? 1961ರ ಜೂನಿನಲ್ಲಿ ಮಾರುತ ಹಾರಿತು. ಆ ವರ್ಷದಿಂದ ಇತ್ತ ಕೆಲಸ ಚುರುಕಾಯಿತು. ಮರುವರ್ಷವೇ ಚೀನಾ ಯುದ್ಧ. ವಾಯುಪಡೆಗೆ ಹೆಚ್ಚು ಪೈಲಟ್‌ಗಳು ಬೇಕಾದರು, ಅಂದರೆ ಹೆಚ್ಚು ತರಬೇತಿ ವಿಮಾನ ಬೇಕು.

1964ರ ಸೆಪ್ಟೆಂಬರ್ 4ರಂದು ಬೆಂಗಳೂರಿನ ಆಕಾಶದಲ್ಲಿ ಹೊಸ ಜೆಟ್ ಹಾರಿತು. ಕಾಗದದ ಹೆಸರು ಎಚ್‌ಜೆಟಿ-16, ಕರೆಯುವ ಹೆಸರು ಕಿರಣ್. ಹಾರಿಸಿದವರು ಸುರಂಜನ್ ದಾಸ್. ಮಾರುತದ ಮೊದಲ ಹಾರಾಟವೂ ಇವರದೇ. 1970ರ ಜನವರಿಯಲ್ಲಿ ಮಾರುತದ ಪರೀಕ್ಷೆಯಲ್ಲೇ ಜೀವ ಕಳೆದುಕೊಂಡರು. ಬೆಂಗಳೂರಿಗೆ ಹೋದವರು ಎಚ್‌ಎಎಲ್ ಹತ್ತಿರ ಸುರಂಜನದಾಸ್ ರೋಡ್ ನೋಡಿರಬಹುದು. ಅದು ಇವರ ಹೆಸರು.

ಎಚ್‌ಟಿ-2ರಲ್ಲಿ ಗುರು ಶಿಷ್ಯರು ಒಬ್ಬರ ಹಿಂದೆ ಒಬ್ಬರು ಕೂರುತ್ತಿದ್ದರು. ಕಿರಣ್‌ನಲ್ಲಿ ಅಕ್ಕಪಕ್ಕ ಕೂರಿಸಿದರು. ಕ್ಲೀನರ್ ಹುಡುಗ ಡ್ರೈವರ್ ಪಕ್ಕ ಕೂತು ಲಾರಿ ಕಲಿಯುವ ಹಾಗೆ. ಶಿಷ್ಯನ ಕೈ ನಡುಗಿದರೆ ಗುರುವಿಗೆ ಕಾಣಬೇಕು, ಗುರುವಿನ ಕೈ ಶಿಷ್ಯನಿಗೆ ಕಾಣಬೇಕು. ಏನೂ ಉಳಿಯದ ಹೊತ್ತಿಗೆ ಇಬ್ಬರನ್ನೂ ಹೊರಕ್ಕೆ ಎಸೆದು ಬದುಕಿಸುವ ಸೀಟು ಇಟ್ಟರು.

ಒಂದು ಕೊರತೆ ಹೇಳಲೇಬೇಕು. ವಿಮಾನದ ಮೈ ನಮ್ಮದು, ಎಂಜಿನ್ ನಮ್ಮದಲ್ಲ. ಮೊದಲ ಕಿರಣ್‌ಗೆ ಬ್ರಿಟನ್ನಿನ ವೈಪರ್ ಎಂಜಿನ್. 1976ರಲ್ಲಿ ಹಾರಿದ ಎರಡನೆಯ ಮಾದರಿಗೆ ಆರ್ಫಿಯಸ್. ಅದನ್ನು ಬೆಂಗಳೂರಿನಲ್ಲಿ ತಯಾರಿಸುತ್ತಿದ್ದರೂ ನಕ್ಷೆ ಬ್ರಿಟನ್ನಿನದೇ. ಮೊದಲ ಹಾರಾಟವಾಗಿ ವಾಯುಪಡೆಯ ಕೈ ಸೇರಲು 1968 ಆಯಿತು. ಆದರೆ ಸೇರಿದ ಮೇಲೆ ಕಿರಣ್ ಹಿಂದೆ ನೋಡಲಿಲ್ಲ. ಎರಡೂ ಮಾದರಿ ಸೇರಿ ಸುಮಾರು 250 ತಯಾರಾದವು. ತಲೆಮಾರುಗಟ್ಟಲೆ ಪೈಲಟ್‌ಗಳು ಜೆಟ್ಟಿನ ಅಕ್ಷರ ಕಲಿತದ್ದು ಇದರಲ್ಲೇ.

ಘಾಟಗೆಯವರು ಇದರ ನಡುವೆ ಪುಷ್ಪಕ, ಕೃಷಕ ಎಂಬ ಸಣ್ಣ ವಿಮಾನಗಳನ್ನೂ ಮಾಡಿದರು. 1965ರಲ್ಲಿ ಪದ್ಮಶ್ರೀ ಬಂತು. 1991ರ ಡಿಸೆಂಬರ್ 6ರಂದು ತೀರಿಕೊಂಡರು. ಬೀದರಿನಲ್ಲಿ ಸೂರ್ಯಕಿರಣ ತಂಡ ಕಟ್ಟಿದ್ದು ಅದಾದ ಐದು ವರ್ಷಕ್ಕೆ. ಪಾಠ ಕಲಿಸಲು ಮಾಡಿದ ತನ್ನ ವಿಮಾನ, ಒಂಬತ್ತು ಒಟ್ಟಿಗೆ ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುವುದನ್ನು ಆ ಮನುಷ್ಯ ನೋಡಲೇ ಇಲ್ಲ.

ಈಗ ಯಾಕೆ ಈ ಮಾತು

ಇದೆಲ್ಲ ಹಳೇ ಕಥೆ, ಈಗ್ಯಾಕೆ ಅಂತ ಕೇಳಬಹುದು. ಕಾರಣ ಇದೆ.

ಕಿರಣ್ ಜಾಗಕ್ಕೆ ಬರಬೇಕಾದ ಸಿತಾರಾ 2003ರಲ್ಲಿ ಮೊದಲ ಸಲ ಹಾರಿತು. ಆದರೆ ಬುಗುರಿಯಂತೆ ಸುತ್ತುವ ಹೊತ್ತಿನ ಅದರ ವರ್ತನೆ ಸರಿಬರದೆ ವರ್ಷಗಟ್ಟಲೆ ನಿಂತಿತು. 2025ರಲ್ಲಿ ಯಶಸ್ ಎಂದು ಹೆಸರು ಬದಲಾಯಿತು. ಅಷ್ಟು ಹೊತ್ತಿಗೂ ಅದು ತರಬೇತಿ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ನಿಂತದ್ದು ಎಲ್ಲಿ ನೋಡಿ: ಹುಡುಗನ ತಪ್ಪನ್ನು ಕ್ಷಮಿಸಬೇಕಾದ ಜಾಗದಲ್ಲೇ. ಆ ತನಕ ಭಾರ ಹೊತ್ತದ್ದು ಮುದಿ ಕಿರಣ್. ಅದರ ಮುಂದಿನ ತರಗತಿಗೆ 2008ರಲ್ಲಿ ಬ್ರಿಟನ್ನಿನ ಹಾಕ್ ನಮ್ಮ ಬೀದರಿಗೇ ಬಂತು. 2015ರಿಂದ ಸೂರ್ಯಕಿರಣ ತಂಡ ಹಾರಿಸುತ್ತಿರುವುದೂ ಅದನ್ನೇ.

ತರಬೇತಿ ವಿಮಾನ ತಡವಾದರೆ ಪೇಪರಿನಲ್ಲಿ ದೊಡ್ಡ ಸುದ್ದಿ ಆಗುವುದಿಲ್ಲ. ಯುದ್ಧವಿಮಾನಕ್ಕೆ ಮೆರವಣಿಗೆ, ತರಬೇತಿ ವಿಮಾನಕ್ಕೆ ಮೂಲೆ. ಆದರೆ ಆಕಾಶದ ಕೆಲಸದ ಬೆಲೆ ಬೀದರಿಗೆ ಯಾರೂ ಹೇಳಿಕೊಡಬೇಕಿಲ್ಲ. 2006ರಲ್ಲಿ ಇಬ್ಬರು, 2009ರಲ್ಲಿ ಒಬ್ಬರು ಸೂರ್ಯಕಿರಣದ ಪೈಲಟ್‌ಗಳು ನಮ್ಮ ಊರಿನ ಹತ್ತಿರವೇ ಪ್ರಾಣ ಬಿಟ್ಟರು. ಪಳಗಿದ ಕೈಗೇ ಹೀಗಾದರೆ ಕಲಿಯುವ ಹುಡುಗನ ಗತಿ ಏನು? ಅದಕ್ಕೇ ಅವನ ವಿಮಾನಕ್ಕೆ ದೇಶದ ಅತಿ ಜಾಣ ತಲೆ ಕೆಲಸ ಮಾಡಬೇಕು. ಘಾಟಗೆಯವರ ಕಾಲದಲ್ಲಿ ಮಾಡಿತು.

ನಮ್ಮ ಊರಲ್ಲಿ ರಸ್ತೆಗೆ, ಸರ್ಕಲ್ಲಿಗೆ ಹೆಸರಿಡುವ ಮಾತು ಬಂದಾಗಲೆಲ್ಲ ಜಗಳ ಆಗುತ್ತದೆ. ವಿಮಾನ ನೆಲೆಯ ಕಡೆಗೆ ಹೋಗುವ ಯಾವುದಾದರೂ ಒಂದು ರಸ್ತೆಗೆ ಈ ಹೆಸರು ಇಟ್ಟರೆ ಯಾರ ತಕರಾರೂ ಇರಲಾರದು. ಮಹಾನಗರ ಪಾಲಿಕೆಯವರು ಯೋಚಿಸಲಿ. ಅಷ್ಟರತನಕ ಶಾಲೆಯ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ಪಾಠದ ನಡುವೆ ವಿಮಾನ ಹೋದಾಗ ಮಕ್ಕಳು ಕಿಟಕಿ ಕಡೆ ತಿರುಗ್ತಾರಲ್ಲ, ಬೈಯುವ ಬದಲು ಎರಡು ನಿಮಿಷ ಈ ಕಥೆ ಹೇಳಲಿ.